ಕಂಬಾಲಪಲ್ಲಿಯ ಸಾಕ್ಷಿಗಳು ಯಾಕೆ ತಿರುಗಿಬಿದ್ದರು

2000ನೇ ಇಸವಿ ಮಾರ್ಚ್ 11ರಂದು ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಮನೆಯೊಳಗೇ ಸುಟ್ಟು ಕೊಂದರು. ಅಂದೇ ಕಲ್ಲೇಟಿಗೆ ಮೇಲ್ಜಾತಿಯ ನೀರುಗಂಟಿಯೊಬ್ಬರು ಸತ್ತಿದ್ದರು. ಅದರ ಬೆನ್ನಿಗೇ ಗುಂಪು ಕೇರಿಗೆ ನುಗ್ಗಿತ್ತು. 2006ರಲ್ಲಿ ವಿಚಾರಣಾ ನ್ಯಾಯಾಲಯ ಆರೋಪಿಗಳನ್ನೆಲ್ಲ ಬಿಟ್ಟಿತು. 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಕಣ್ಣಾರೆ ಕಂಡವರೇ ಕಟಕಟೆಯಲ್ಲಿ 'ನಾನು ನೋಡಿಲ್ಲ' ಅಂದುಬಿಟ್ಟಿದ್ದರು.

ದುಡ್ಡು ತಿಂದು ತಿರುಗಿಬಿದ್ದರು ಎಂದು ಪಟ್ಟಣದಲ್ಲಿ ಕೂತು ಹೇಳುವುದು ಸುಲಭ. ನಾನಂತೂ ಅದನ್ನು ಒಪ್ಪುವುದಿಲ್ಲ. ಘಟನೆಗೂ ತೀರ್ಪಿಗೂ ನಡುವೆ ಆರು ವರ್ಷ. ಅಷ್ಟು ಕಾಲ ಸಾಕ್ಷಿ ಹೇಳಬೇಕಾದವರು ಬದುಕುವುದೆಲ್ಲಿ?

ಇಂಥ ಕೊಲೆಯಾದ ಊರಲ್ಲಿ ಬಹಿಷ್ಕಾರವನ್ನು ಯಾರೂ ತಮಟೆ ಹೊಡೆದು ಸಾರುವುದಿಲ್ಲ. ಕಳೆ ಕೀಳಲು ಕರೆಯುತ್ತಿದ್ದವರು ಕರೆಯುವುದನ್ನು ನಿಲ್ಲಿಸುತ್ತಾರೆ. ಉಳುಮೆಗೆ ಬಾಡಿಗೆ ಟ್ರ್ಯಾಕ್ಟರ್ ಬರುವುದಿಲ್ಲ. ಡೇರಿಯಲ್ಲಿ ಹಾಲು ಸರಿಯಿಲ್ಲ ಅನ್ನುತ್ತಾರೆ, ಅಂಗಡಿಯಲ್ಲಿ ಸಾಲದ ಪುಸ್ತಕ ಮುಚ್ಚುತ್ತಾರೆ, ಹಳೇ ಕೈಸಾಲವನ್ನು ಒಮ್ಮೆಲೇ ಕೇಳುತ್ತಾರೆ. ಆಮೇಲೆ ಹಿರಿಯರು ರಾಜಿ ಮಾತು ತರುತ್ತಾರೆ. ಕೊಲೆ ಕೇಸಿನಲ್ಲಿ ಕಾನೂನು ರಾಜಿಗೆ ಒಪ್ಪುವುದಿಲ್ಲ. ಹಾಗಾಗಿ ಆ ರಾಜಿ ಸಾಕ್ಷಿಗಳ ಬಾಯಲ್ಲೇ ಆಗಬೇಕು.

ಪರಿಶಿಷ್ಟ ಜಾತಿ, ಪಂಗಡಗಳ ಮೇಲಿನ ದೌರ್ಜನ್ಯ ತಡೆ ಕಾಯ್ದೆಯಡಿ ಸಾಮಾಜಿಕ, ಆರ್ಥಿಕ ಬಹಿಷ್ಕಾರ ಈಗ ಪ್ರತ್ಯೇಕ ಅಪರಾಧ. ಆದರೆ 'ನಮ್ಮನ್ನು ದೂರ ಇಟ್ಟಿದ್ದಾರೆ' ಎಂದಷ್ಟೇ ಬರೆದ ದೂರು ನಿಲ್ಲುವುದಿಲ್ಲ. ಯಾವ ದಿನ, ಯಾರು, ಯಾವ ಕೆಲಸಕ್ಕೆ ಅಥವಾ ಸಾಮಾನಿಗೆ ಇಲ್ಲ ಅಂದರು, ಎದುರಿಗೆ ಯಾರಿದ್ದರು ಎಂಬುದನ್ನು ಆವತ್ತೇ ಬರೆದಿಡಬೇಕು. ಡೇರಿ ಚೀಟಿಯನ್ನೂ ಎಸೆಯಬಾರದು.

ಪರಿಹಾರದ ವಿಷಯದಲ್ಲಿ ಒಂದು ಎಡವಟ್ಟಿದೆ. ಕೊಲೆಗೆ ನಿಯಮದಂತೆ 8.25 ಲಕ್ಷ ರೂಪಾಯಿ, ಅರ್ಧ ಮರಣೋತ್ತರ ಪರೀಕ್ಷೆ ಮುಗಿದ ಮೇಲೆ, ಉಳಿದರ್ಧ ದೋಷಾರೋಪ ಪಟ್ಟಿ ಕೋರ್ಟಿಗೆ ಹೋದಾಗ. ಪಿಂಚಣಿ, ಮನೆ, ನೌಕರಿಗೂ ಅವಕಾಶವಿದೆ. ಇದೆಲ್ಲ ಸತ್ತವರ ಮನೆಯವರಿಗೆ ಸಲ್ಲಲೇಬೇಕು. ಆದರೆ ಬೆಂಕಿಯನ್ನು ಕಂಡ ಪಕ್ಕದ ಮನೆಯವರು? ಅವರಿಗೆ ಆ ಹಣವೂ ಇಲ್ಲ, ಊರು ಬಿಡುವ ದಾರಿಯೂ ಇಲ್ಲ. ಕೇಸಿಗೆ ಬೇಕಾದವರು ಅವರೇ, ನಾಳೆ ಬೆಳಿಗ್ಗೆ ಆರೋಪಿಯ ಹೊಲದ ಬದುವಿನ ಮೇಲೇ ನಡೆದು ಹೋಗಬೇಕಾದವರೂ ಅವರೇ.

ಅವರಿಗಾಗಿ ಇರುವುದು 2018ರ ಸಾಕ್ಷಿ ಸಂರಕ್ಷಣಾ ಯೋಜನೆ. ಜಿಲ್ಲಾ ನ್ಯಾಯಾಧೀಶರ ಅಧ್ಯಕ್ಷತೆಯ ಸಮಿತಿಗೆ, ಅದರ ಸದಸ್ಯ ಕಾರ್ಯದರ್ಶಿಯಾದ ಪ್ರಾಸಿಕ್ಯೂಷನ್ ಮುಖ್ಯಸ್ಥರ ಮೂಲಕ ಅರ್ಜಿ ಹಾಕಬೇಕು. ಪೊಲೀಸರು ಐದು ಕೆಲಸದ ದಿನಗಳೊಳಗೆ ಬೆದರಿಕೆ ವರದಿ ಕೊಡಬೇಕು. ರಕ್ಷಣೆ ಒಂದು ಸಲಕ್ಕೆ ಮೂರು ತಿಂಗಳು ಮೀರುವಂತಿಲ್ಲ. ಅವಧಿ ಮುಗಿಯುವ ಮೊದಲೇ ಮತ್ತೆ ಕೇಳದಿದ್ದರೆ ಕಾವಲಿಗಿದ್ದ ಪೇದೆ ಎದ್ದು ಹೋಗುತ್ತಾರೆ.

ಹೇಳಿಕೆಯ ವಿಷಯ ಇನ್ನೂ ಸೂಕ್ಷ್ಮ. ಪೊಲೀಸರು ಬರೆದುಕೊಳ್ಳುವ ಹೇಳಿಕೆಗೆ ಸಹಿ ಇರುವುದಿಲ್ಲ, ಅದರಿಂದ ಶಿಕ್ಷೆಯೂ ಆಗುವುದಿಲ್ಲ. ಮ್ಯಾಜಿಸ್ಟ್ರೇಟರ ಮುಂದೆ ಕೊಟ್ಟದ್ದಕ್ಕೆ ತೂಕ ಹೆಚ್ಚು, ಬೇಗ ಕೊಡಿಸಬೇಕು. ಆದರೂ ಸಾಕ್ಷಿ ಕೋರ್ಟಿನಲ್ಲಿ ಉಲ್ಟಾ ಹೊಡೆದರೆ ಅದೊಂದೇ ಸಾಲದು. ಆಗ ಆಸರೆ ಮಹಜರು, ಅಂದರೆ ಸ್ಥಳದಲ್ಲಿ ಕಂಡದ್ದನ್ನು, ಜಪ್ತಿ ಮಾಡಿದ್ದನ್ನು ಪಂಚರೆಂಬ ಸಾಕ್ಷಿಗಳ ಎದುರು ಪೊಲೀಸರು ಬರೆದ ದಾಖಲೆ. ಅದೇ ಎಷ್ಟೋ ಕೇಸುಗಳಲ್ಲಿ ಟೊಳ್ಳು. ಸ್ಥಳಕ್ಕೇ ಹೋಗದ ಪಂಚರಿಂದ ಠಾಣೆಯಲ್ಲಿ ಸಹಿ ಹಾಕಿಸಿಕೊಂಡಿರುತ್ತಾರೆ. ವರ್ಷಗಳಾದ ಮೇಲೆ ವಕೀಲರು 'ಸಹಿ ಎಲ್ಲಿ ಹಾಕಿದಿರಿ?' ಅಂತಾರೆ, 'ಸ್ಟೇಷನ್ನಲ್ಲಿ ಸಾರ್' ಎಂಬ ಒಂದೇ ಉತ್ತರಕ್ಕೆ ಸೀಮೆಎಣ್ಣೆ ಡಬ್ಬಿ, ರಕ್ತದ ಬಟ್ಟೆ ಎಲ್ಲ ಬಿದ್ದುಹೋಗುತ್ತವೆ. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಜಪ್ತಿಯನ್ನು ವಿಡಿಯೊ ಮಾಡಲೇಬೇಕು ಅನ್ನುತ್ತದೆ. ಪಂಚರಾಗಿ ಕರೆದರೆ ಸ್ಥಳಕ್ಕೆ ಹೋಗಿ, ಓದಿಸಿ ಕೇಳಿ, ಆಮೇಲಷ್ಟೇ ಸಹಿ ಹಾಕಿ. ಖಾಲಿ ಹಾಳೆಗೆ ಬೇಡ.

ಸಮನ್ಸ್ ಬಂದ ದಿನ ಕೂಲಿ ಹೋಗುತ್ತದೆ, ಬಸ್ಸಿಗೂ ಖರ್ಚು. ಪ್ರಯಾಣ, ಊಟ, ದಿನಗೂಲಿ ಭರಿಸುವುದು ಸರ್ಕಾರದ ಹೊಣೆ ಎಂದು ದೌರ್ಜನ್ಯ ತಡೆ ಕಾಯ್ದೆಯ ನಿಯಮಗಳಲ್ಲೇ ಇದೆ. ಅದನ್ನು ಕೇಳಿ ಪಡೆಯದವರು ಸಾಮಾನ್ಯವಾಗಿ ಬರುವುದು ಆರೋಪಿಯ ಕಡೆಯವರು ಕಳಿಸಿದ ಜೀಪಿನಲ್ಲೇ.