ಪಾಪದ ಅರಿಕೆಯಾದ ಮೇಲೆ ಸ್ತೋತ್ರ: ಸಭಾಪಾಲನೆಯ ಕೆಲಸ ಕಲಿಸಿದ್ದು

ಸ್ತೋತ್ರ ಪ್ರಾರ್ಥನೆ, ಅಂದರೆ ದೇವರಿಗೆ ಕೃತಜ್ಞತೆ ಹೇಳುವ ಪ್ರಾರ್ಥನೆ, ಮಾಡಿ ಎಂದು ಸಭೆಯಲ್ಲಿ ಯಾರನ್ನು ಕೇಳಿದರೂ ಬರುವ ಪಟ್ಟಿ ಹೆಚ್ಚುಕಡಿಮೆ ಒಂದೇ: ಆರೋಗ್ಯ, ಕೆಲಸ, ಮಕ್ಕಳ ಪರೀಕ್ಷೆ, ಪ್ರಯಾಣದಲ್ಲಿ ಸಿಕ್ಕ ಕಾಪಾಡುವಿಕೆ. ಪಾಪಕ್ಷಮೆಯ ಮಾತು ಬಂದರೆ ಕಟ್ಟಕಡೆಗೆ, ಅದೂ ಒಂದೇ ವಾಕ್ಯದಲ್ಲಿ. ಸತ್ಯವೇದದ (ಬೈಬಲಿನ) 103ನೆಯ ಕೀರ್ತನೆಯ ಕ್ರಮ ಇದಕ್ಕೆ ತಿರುವುಮುರುವು. ದೇವರ ಉಪಕಾರಗಳನ್ನು ಮರೆಯಬೇಡ ಎಂದು ತನ್ನ ಮನಸ್ಸಿಗೆ ತಾನೇ ಹೇಳಿಕೊಳ್ಳುವ ಕೀರ್ತನೆಗಾರ 3ನೆಯ ವಚನದಲ್ಲಿ ಮೊದಲು ಎಣಿಸುವುದು ಅಪರಾಧಗಳ ಕ್ಷಮೆಯನ್ನು. ರೋಗ ವಾಸಿಯಾದದ್ದು ಆಮೇಲೆ. ಈ ಕ್ರಮವನ್ನು ಪ್ರಸಂಗದಲ್ಲಿ (ಉಪದೇಶದಲ್ಲಿ) ಹೇಳಿ ಬಿಟ್ಟರೆ ಸಾಲದು, ಆರಾಧನೆಯಲ್ಲೇ ಅದಕ್ಕೆ ಜಾಗ ಮಾಡಿಕೊಡಬೇಕು.

ಕೆಲಸ ಕೆಡುವುದು ಹೆಚ್ಚಾಗಿ ಅರಿಕೆಗೂ (ಪಾಪವನ್ನು ದೇವರ ಮುಂದೆ ಒಪ್ಪಿಕೊಳ್ಳುವುದಕ್ಕೂ) ಸ್ತೋತ್ರಕ್ಕೂ ನಡುವೆ. ‘ಮೌನವಾಗಿ ನಮ್ಮ ಪಾಪಗಳನ್ನು ಅರಿಕೆ ಮಾಡೋಣ’ ಎಂದವರು ಹತ್ತು ಸೆಕೆಂಡಿಗೆಲ್ಲ ಮುಂದಿನ ಪ್ರಾರ್ಥನೆ ಎತ್ತಿಕೊಂಡರೆ, ಕಣ್ಣು ಮುಚ್ಚಿ ಕೂತವರಿಗೆ ಒಂದು ತಪ್ಪೂ ನೆನಪಿಗೆ ಬಂದಿರುವುದಿಲ್ಲ. ಗಡಿಯಾರ ನೋಡಿ ಪೂರ್ತಿ ಒಂದು ನಿಮಿಷ ಬಿಡಿ. ಆ ಹೊತ್ತಿನಲ್ಲಿ ಕೀಬೋರ್ಡ್ ಕೂಡ ಬೇಡ. ಆಮೇಲೆ ವಾಗ್ದಾನದ ವಚನ ಓದಿ: 1 ಯೋಹಾನ 1:9, ಇಲ್ಲವೇ ಕೀರ್ತನೆ 32:5. ತಲೆ ಎತ್ತಿ, ಸತ್ಯವೇದ ತೆರೆದು, ಸಭೆಯ ಕಡೆ ನೋಡಿ ಓದಬೇಕು. ಕಣ್ಣು ಮುಚ್ಚಿಕೊಂಡು ಪ್ರಾರ್ಥನೆಯ ನಡುವೆ ಸೇರಿಸಿದರೆ ಅದೂ ಇನ್ನೊಂದು ಬೇಡಿಕೆಯಂತೆ ಕೇಳಿಸುತ್ತದೆ. ಜನರ ಕಿವಿಗೆ ಬೀಳಬೇಕಾದದ್ದು ದೇವರ ಉತ್ತರ. ಅದು ಬೀಳದ ಕಡೆ ಸ್ತೋತ್ರ ಮಾಡುವಾಗಲೂ ‘ಕ್ಷಮಿಸಪ್ಪಾ ತಂದೆಯೇ’ ಎಂಬ ಮಾತೇ ಮತ್ತೆ ಮತ್ತೆ ಬರುತ್ತದೆ.

ಅರಿಕೆಯ ಬೆನ್ನಿಗೇ ಕಾಣಿಕೆ ಎತ್ತಬಾರದು. ದಂಡ ಕಟ್ಟಿ ಹಗುರಾದ ಭಾವ ಬರುತ್ತದೆ. ನಡುವೆ ಒಂದು ಸ್ತುತಿಗೀತೆ, ವಾಚನ, ಪ್ರಸಂಗ ಇರಲಿ. ಪ್ರೊಟೆಸ್ಟೆಂಟ್ ಸಭೆಗಳ ಉಪದೇಶ ಪುಸ್ತಕವಾದ 1563ರ ಹೈಡೆಲ್‌ಬರ್ಗ್ ಪ್ರಶ್ನೋತ್ತರ ಗ್ರಂಥ ಮೂರು ಭಾಗದಲ್ಲಿದೆ: ಮನುಷ್ಯನ ದುರವಸ್ಥೆ, ಬಿಡುಗಡೆ, ಕೃತಜ್ಞತೆ. ಹತ್ತು ಆಜ್ಞೆಗಳ ವಿವರಣೆ ಅಲ್ಲಿ ಮೂರನೆಯ ಭಾಗಕ್ಕೆ ಸೇರಿದೆ. ಕ್ಷಮೆ ಪಡೆದವನು ವಿಧೇಯನಾಗುತ್ತಾನೆ, ವಿಧೇಯತೆಯಿಂದ ಕ್ಷಮೆ ಕೊಂಡುಕೊಳ್ಳುವುದಿಲ್ಲ. ಉಪದೇಶ ಮಾಡುವವರು ಈ ಜೋಡಣೆಯನ್ನು ಒಮ್ಮೆ ನಿಧಾನವಾಗಿ ಗಮನಿಸಬೇಕು.

ಲೂಕನ ಸುವಾರ್ತೆಯ 7ನೆಯ ಅಧ್ಯಾಯ ಓದುವವರು ಎಡವುವುದೂ ಇಲ್ಲೇ. ಫರಿಸಾಯನಾದ (ಧರ್ಮಶಾಸ್ತ್ರವನ್ನು ಕಟ್ಟುನಿಟ್ಟಾಗಿ ಪಾಲಿಸುವ ಯೆಹೂದ್ಯ ಪಂಗಡದ) ಸೀಮೋನನ ಮನೆಯಲ್ಲಿ ಯೇಸುವಿನ ಪಾದವನ್ನು ಕಣ್ಣೀರಿನಿಂದ ನೆನೆಸಿದ ಹೆಂಗಸು ಅಷ್ಟು ಪ್ರೀತಿಸಿದ್ದರಿಂದ ಕ್ಷಮೆ ಗಳಿಸಿದಳು ಎಂದು 47ನೆಯ ವಚನವೊಂದನ್ನೇ ಓದಿದವರಿಗೆ ಅನ್ನಿಸುತ್ತದೆ. 41ರಿಂದ 43 ಮೊದಲು ಓದಿ. ಅಲ್ಲಿ ಯೇಸು ಹೇಳಿದ ಸಾಮ್ಯದಲ್ಲಿ ಒಬ್ಬನ ಸಾಲ 500 ದೆನಾರಿ (ಆ ಕಾಲದ ರೋಮನ್ ನಾಣ್ಯ), ಇನ್ನೊಬ್ಬನದು 50. ಇಬ್ಬರಲ್ಲೂ ತೀರಿಸಲು ಏನೂ ಇಲ್ಲ. ಸಾಲ ಮನ್ನಾ ಮೊದಲು, ಪ್ರೀತಿ ಅದರ ಫಲ. ‘ನಾನೇನು ಅಂಥ ದೊಡ್ಡ ಪಾಪ ಮಾಡಿಲ್ಲ’ ಎನ್ನುವವರಿಗೆ 50ರ ಸಾಲಗಾರನನ್ನು ತೋರಿಸಿ. ಇಲ್ಲದ ಪಾಪ ಹುಡುಕಿಸಬೇಡಿ; ಕಳೆದ ಒಂದು ವಾರದ್ದೇ ಸಾಕು: ಸಿಟ್ಟಿನಲ್ಲಿ ಆಡಿದ ಮಾತು, ಮುಚ್ಚಿಟ್ಟ ಲೆಕ್ಕ, ಕೊಡದೆ ಉಳಿಸಿಕೊಂಡ ಕೂಲಿ. ಹೆಸರಿಟ್ಟು ಅರಿಕೆ ಮಾಡಿದ್ದಕ್ಕೇ ಹೆಸರಿಟ್ಟು ಸ್ತೋತ್ರ ಮಾಡಲು ಆಗುವುದು.

ಮತ್ತಾಯ 18ರ ಲೆಕ್ಕವನ್ನು ಇನ್ನೂ ಎಚ್ಚರದಿಂದ ಹೇಳಬೇಕು. ಅಲ್ಲಿನ ಸಾಮ್ಯದಲ್ಲಿ ಅರಸ ಮನ್ನಾ ಮಾಡಿದ ಆಳಿನ ಸಾಲ 10,000 ತಲಾಂತು. ಒಂದು ತಲಾಂತು ಸುಮಾರು 6,000 ದೆನಾರಿ, ಅಂದರೆ ಒಟ್ಟು 6 ಕೋಟಿ. ಜೊತೆಯ ಆಳು ಅವನಿಗೆ ಕೊಡಬೇಕಾದದ್ದು 100 ದೆನಾರಿ; ಅದನ್ನು ಅವನು ಬಿಟ್ಟುಕೊಡಲಿಲ್ಲ. ಆರು ಲಕ್ಷದಲ್ಲಿ ಒಂದು ಪಾಲು ಎಂದು ಹೇಳಿ ನಾವು ಮುಗಿಸಿಬಿಡುತ್ತೇವೆ. ಆದರೆ ದೆನಾರಿ ಒಂದು ದಿನದ ಕೂಲಿ. 100 ಎಂದರೆ ಮೂರು ತಿಂಗಳಿಗೂ ಮೀರಿದ ದುಡಿಮೆ. ನೊಂದವರ ನೋವು ಯೇಸು ಹೇಳಿದ ಲೆಕ್ಕದಲ್ಲೂ ಚಿಲ್ಲರೆಯಲ್ಲ. ‘ದೇವರು ನಿಮ್ಮನ್ನು ಕ್ಷಮಿಸಲಿಲ್ಲವೇ, ನೀವೂ ಬಿಟ್ಟುಬಿಡಿ’ ಎಂದು ಸಭೆಯ ಮುಂದೆ ಕೈ ಕುಲುಕಿಸುವುದು ಕ್ರೌರ್ಯ. ಹೊಡೆತ, ಲೈಂಗಿಕ ದೌರ್ಜನ್ಯ, ಮೋಸ ನಡೆದಿದ್ದರೆ ನೊಂದವರ ರಕ್ಷಣೆಯೂ ಪೊಲೀಸ್ ದೂರೂ ಮೊದಲು. ಕ್ಷಮೆಯ ಹೆಸರಿನಲ್ಲಿ ಅವರ ಬಾಯಿ ಮುಚ್ಚಿಸಬಾರದು. ತಪ್ಪು ಮಾಡಿದವನಿಗೆ ಲೂಕ 19:8 ತೋರಿಸಿ: ಮೋಸದಿಂದ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ಹಿಂದಿರುಗಿಸುತ್ತೇನೆ ಎಂದ ಸುಂಕದವನಾದ ಜಕ್ಕಾಯನದು ಲೆಕ್ಕಕ್ಕೆ ಸಿಗುವ ಕೃತಜ್ಞತೆ.

ದೇವರು ತಮ್ಮ ಬಾಳಿನಲ್ಲಿ ಮಾಡಿದ್ದನ್ನು ಸಭೆಯ ಮುಂದೆ ಸಾಕ್ಷಿ ಹೇಳುವವರಿಗೆ ಮೂರು ನಿಮಿಷ ಸಾಕು. ಪಾಪದ ಬಗ್ಗೆ ಒಂದು ವಾಕ್ಯ, ಉಳಿದದ್ದೆಲ್ಲ ದೇವರು ಮಾಡಿದ್ದು. ಬೇರೆಯವರ ಹೆಸರು ಬರಕೂಡದು. ಹಿಂದಿನ ದಿನವೇ ಒಮ್ಮೆ ಹೇಳಿಸಿ ನೋಡಿ.

ಕ್ಷಮೆ ಸಿಕ್ಕಿದೆ ಎಂದು ನಂಬಿಯೂ ಸಂತೋಷ ಕಾಣದವರು ಪ್ರತಿ ಸಭೆಯಲ್ಲಿದ್ದಾರೆ. ಅವರನ್ನು ಚಪ್ಪಾಳೆ ತಟ್ಟಿ ಹಾಡಲು ಒತ್ತಾಯಿಸಬೇಡಿ. 51ನೆಯ ಕೀರ್ತನೆಯ 12ನೆಯ ವಚನದಲ್ಲಿ ದಾವೀದ ರಕ್ಷಣೆಯ ಆನಂದವನ್ನೇ ಬೇಡುತ್ತಾನೆ, 15ರಲ್ಲಿ ಸ್ತುತಿಸಲು ತುಟಿ ತೆರೆಸು ಎನ್ನುತ್ತಾನೆ. ಆ ಎರಡು ವಚನಗಳನ್ನು ಬರೆದುಕೊಡಿ, ವಾರವಿಡೀ ಅವನ್ನೇ ಪ್ರಾರ್ಥಿಸಲಿ.