ಕಿವಿ ಕೇಳಿಸದ ರಾಜನ ಮನಿ

ಇವತ್ತು ಗೋಲ್ ಗುಮ್ಮಟದ ಮೆಟ್ಟಿಲು ಹತ್ತೋವಾಗ ಮುಂದೊಬ್ಬಳು ಪುಟ್ಟ ಹುಡುಗಿ. ತಮ್ಮನ ಕೈ ಹಿಡ್ಕೊಂಡು ಇತಿಹಾಸ ಹೇಳ್ತಿದ್ದಳು.

"ರಾಜಾಗ ಕಿವಿ ಕೇಳಸ್ತಿರಲಿಲ್ಲ. ಅದಕ್ಕ ಒಮ್ಮೆ ಅಂದಿದ್ದು ಏಳು ಸಲ ಕೇಳಸೋ ಮನಿ ಕಟ್ಟಿಸಿದ."

"ಮತ್ತ ನಾಕು ಮಿನಾರ?"

"ಅವು ಗೂಟ. ಗುಮ್ಮಟ ಹಾರಿ ಹೋಗಬಾರದಂತ ಬಡದಾರ."

ನಗು ತಡೆಯೋಕಾಗಲಿಲ್ಲ. ಆಮೇಲೆ ಮೇಲೆ ಹೋಗಿ ನೋಡಿದ್ರೆ, ನಿಜಕ್ಕೂ ಹಾರಿಬಿಡುತ್ತೇನೋ ಅನ್ನಿಸ್ತು. ಸುಮಾರು 44 ಮೀಟರ್ ಅಗಲದ ಗುಮ್ಮಟ, ನಡುವೆ ಒಂದೇ ಒಂದು ಕಂಬ ಇಲ್ಲ. ಒಂದನ್ನೊಂದು ದಾಟೋ ಕಮಾನುಗಳೇ ಅಷ್ಟೂ ಭಾರ ಹೊತ್ತಿವೆ.

ಮುಹಮ್ಮದ್ ಆದಿಲ್ ಶಾಹನ ಸಮಾಧಿ, 1656. ಶಾಲೇಲಿ ಇಷ್ಟೇ ಬರೆದು ಅಂಕ ತಗೊಂಡಿದ್ದೆ. ಯಾಕೆ ಹೀಗೆ ಕಟ್ಟಿದ್ರು ಅಂತ ಒಮ್ಮೆಯೂ ಕೇಳ್ಕೊಂಡಿರಲಿಲ್ಲ. ಆ ಹುಡುಗಿ ಕೇಳ್ಕೊಂಡಿದ್ದಾಳೆ, ಉತ್ತರಾನೂ ತಾನೇ ಕಟ್ಕೊಂಡಿದ್ದಾಳೆ. ಎಷ್ಟು ಚೆಂದ ಅಲ್ವಾ?

ಪಿಸುಮಾತಿನ ಗ್ಯಾಲರಿಯಲ್ಲಿ ಎಲ್ಲರೂ ಚಪ್ಪಾಳೆ, ಶಿಳ್ಳೆ, ಕೂಗಾಟ. ತಮ್ಮ ಮಾತ್ರ ಗೋಡೆಗೆ ಕೆನ್ನೆ ಒತ್ತಿ, ಎರಡೂ ಕೈ ಬಾಯಿಗೆ ಅಡ್ಡ ಇಟ್ಟು, ಮೆಲ್ಲಗೆ ಕೇಳಿದ:

"ರಾಜಾ, ಈಗ ಕೇಳಸ್ತದೇನು?"

ಆಚೆ ಬದಿಯಲ್ಲಿದ್ದ ನನಗೆ ಅಷ್ಟೂ ಕೇಳಿಸ್ತು.