ಜಿಂಕೆ ಭುಜ, ಎರಡು ಬಗೆ ಗುಂಡು: ಈ ಸೀಸನ್‌ನ ಲೆಕ್ಕ

ಈ ಸಲದ ಪ್ರಶ್ನೆ ಒಂದೇ. ಜಿಂಕೆಯ ಮುಂಭುಜದ ಮಾಂಸ ಹಾಳಾಗುವುದು ಗುಂಡು ಯಾವುದರದ್ದು ಅನ್ನುವುದರಿಂದಲೋ, ಅದು ಬಡಿಯುವ ವೇಗದಿಂದಲೋ? ರೈಫಲ್ ಹಳೆಯದೇ, .308 ವಿಂಚೆಸ್ಟರ್ ತೋಟಾದ್ದು. ಎರಡೂ ಗುಂಡಿನ ತೂಕ ಒಂದೇ, 150 ಗ್ರೇನ್, ಅಂದರೆ 9.7 ಗ್ರಾಂ. ಒಂದು, ಸೀಸದ ಮೇಲೆ ತಾಮ್ರದ ಹೊದಿಕೆ ಇರುವ ಮಾಮೂಲಿ ಸಾಫ್ಟ್ ಪಾಯಿಂಟ್, ಅಂದರೆ ತುದಿಯಲ್ಲಿ ಮಾತ್ರ ಸೀಸ ಹೊರಗೆ ಕಾಣುವಂಥದ್ದು. ಇನ್ನೊಂದು ಪೂರ್ತಿ ತಾಮ್ರದ್ದು.

ಪರವಾನಗಿ ಸೀಸನ್ ಶುರುವಾಗುವ ಮುಂಚೆ ಒದ್ದೆ ಪೇಪರ್ ಮೇಲೆ ನೋಡಿದೆ. ಹಳೇ ನ್ಯೂಸ್‌ಪೇಪರ್ ನೆನೆಸಿ, ಪೆಟ್ಟಿಗೆಗೆ ಬಿಗಿಯಾಗಿ ತುಂಬಿ, ಹಿಂದೆ ಮಣ್ಣಿನ ದಿಬ್ಬ ಇರುವ ಕಡೆ ಇಟ್ಟು ಹತ್ತಿರದಿಂದಲೇ ಹೊಡೆದೆ. ಸೀಸದ ಗುಂಡು ಕೈಗೆ ಸಿಕ್ಕಾಗ 90 ಗ್ರೇನ್ ಆಸುಪಾಸು ಉಳಿದಿತ್ತು. ಮಿಕ್ಕಿದ್ದೆಲ್ಲ ಸಾಸಿವೆಗಿಂತ ಸಣ್ಣ ಚೂರಾಗಿ ಪೇಪರ್ ಪದರಗಳಲ್ಲಿ ಸೇರಿಕೊಂಡಿತ್ತು. ತಾಮ್ರದ್ದು ನಾಲ್ಕು ಎಸಳಾಗಿ ಬಿಚ್ಚಿಕೊಂಡು, ಹೆಚ್ಚುಕಮ್ಮಿ ಪೂರ್ತಿ ತೂಕದಲ್ಲೇ ಸಿಕ್ಕಿತು. ಪೇಪರ್‌ನಲ್ಲಿ ಮೂಳೆ ಇಲ್ಲ, ಚರ್ಮ ಇಲ್ಲ. ಎರಡನ್ನು ಪಕ್ಕಪಕ್ಕ ಇಟ್ಟು ನೋಡೋಕೆ ಸಾಕು, ಅಷ್ಟೇ.

ನಿಜ ಗೊತ್ತಾಗುವುದು ಮಾಂಸ ಬಿಡಿಸುವಾಗ. ಚರ್ಮ ಸುಲಿದರೆ ಗಾಯ ಚಿಕ್ಕದಾಗೇ ಕಾಣುತ್ತದೆ. ಭುಜ ಎತ್ತಿ ಪಕ್ಕೆಯಿಂದ ಬಿಡಿಸಿ ನೋಡಿ, ಸ್ನಾಯುಗಳ ನಡುವಿನ ತೆಳು ಪೊರೆಯ ಉದ್ದಕ್ಕೂ ಕಪ್ಪುಗೆಂಪು ಲೋಳೆ. ಗುಂಡು ನುಗ್ಗುವಾಗ ಸುತ್ತಲಿನ ಮಾಂಸವನ್ನು ಒಂದು ಕ್ಷಣ ಆಚೆಗೆ ತಳ್ಳುತ್ತದೆ. ಮಾಂಸ ವಾಪಸ್ ಕೂಡಿಕೊಳ್ಳುತ್ತದೆ, ಆದರೆ ಸಣ್ಣ ರಕ್ತನಾಳಗಳು ಒಡೆದು ರಕ್ತ ಪದರಗಳ ನಡುವೆ ಹರಡಿಬಿಟ್ಟಿರುತ್ತದೆ. ತೂತಿನಿಂದ ಹೋಗುವುದು ಸ್ವಲ್ಪವೇ, ಈ ಹರಡಿದ ರಕ್ತದಿಂದಲೇ ಜಾಸ್ತಿ ಎಸೆಯಬೇಕಾಗುವುದು. ಹಾಗಂತ ಕಂಡಿದ್ದನ್ನೆಲ್ಲ ಎಸೆಯಬೇಡಿ. ಚಾಕುವಿನ ತುದಿಯಿಂದ ಪೊರೆ ಎತ್ತಿ ನೋಡಿ. ಎಷ್ಟೋ ಸಲ ಕೆಳಗಿನ ಮಾಂಸಕ್ಕೆ ಏನೂ ಆಗಿರುವುದಿಲ್ಲ.

ಐವತ್ತು ಗಜದೊಳಗೆ ಸೀಸದ ಗುಂಡು ಭುಜದ ಮೂಳೆಗೆ ಬಿದ್ದರೆ ಎರಡೂ ಭುಜ ಹೋದ ಹಾಗೆಯೇ. ತಾಮ್ರದಲ್ಲಿ ನಷ್ಟ ಕಮ್ಮಿ, ಆದರೂ ಒಡೆದ ಮೂಳೆಯ ಚೂರುಗಳೇ ಸುತ್ತಲಿನ ಮಾಂಸ ಸೀಳಿರುತ್ತವೆ. ನನಗೆ ಮುಖ್ಯ ಅನ್ನಿಸಿದ್ದು ಇದು: ಅದೇ ಸೀಸದ ಗುಂಡು ಇನ್ನೂರು ಗಜ ದೂರದಲ್ಲಿ ಬಡಿದಾಗ ಹಾನಿ ತಾಮ್ರದಷ್ಟೇ ಇತ್ತು. ನಳಿಗೆ ಬಿಡುವಾಗ ಸೆಕೆಂಡಿಗೆ 2800 ಅಡಿ ಆಸುಪಾಸು ಇರುವ ವೇಗ ಅಲ್ಲಿಗೆ 2300ರ ಹತ್ತಿರ ಇಳಿದಿರುತ್ತದೆ. ಭುಜದ ಹಿಂದೆ, ಪಕ್ಕೆಲುಬಿನ ನಡುವೆ ಹೊಡೆದರಂತೂ ಎರಡಕ್ಕೂ ವ್ಯತ್ಯಾಸವೇ ಇಲ್ಲ. ಅಲ್ಲಿ ಹಾಳಾಗೋಕೆ ಮಾಂಸವೇ ಎಷ್ಟಿದೆ ಅಲ್ವಾ?

ಹಾಗಾದರೆ ಸುಮ್ನೆ ವೇಗ ಇಳಿಸಿಬಿಡೋಣ ಅಂದರೆ ಅದಕ್ಕೂ ಮಿತಿ ಇದೆ. ತಾಮ್ರ ಗಟ್ಟಿ. ವೇಗ 2000 ಅಡಿಗಿಂತ ಕೆಳಗೆ ಬಂದರೆ ಎಷ್ಟೋ ತಾಮ್ರದ ಗುಂಡುಗಳು ಸರಿಯಾಗಿ ಅರಳುವುದಿಲ್ಲ, ಸಣ್ಣ ತೂತು ಮಾಡಿ ಆಚೆ ಹೋಗುತ್ತವೆ. ಜಿಂಕೆ ದೂರ ಓಡುತ್ತದೆ, ನರಳುತ್ತದೆ. ಎರಡು ತುಂಡು ಮಾಂಸ ಉಳಿಸೋಕೆ ಅದು ಬೇಡ.

ಇನ್ನೊಂದು ವಿಷಯ ತೂಕದಲ್ಲಿ ಕಾಣುವುದಿಲ್ಲ. ಸೀಸ ವಿಷ, ಅದರ ಚೂರು ರಕ್ತದ ಕಲೆ ದಾಟಿಯೂ ಹೋಗಿರುತ್ತದೆ. ಕಣ್ಣಿಗೆ ಕಾಣದ್ದು ಎಕ್ಸ್‌ರೇಯಲ್ಲಿ ಕಾಣುತ್ತದೆ. ಕ್ಯಾಲಿಫೋರ್ನಿಯಾದಲ್ಲಂತೂ 2019ರ ಜುಲೈಯಿಂದ ಬೇಟೆಗೆ ಸೀಸದ ಗುಂಡನ್ನೇ ನಿಷೇಧಿಸಿದ್ದಾರೆ. ಸೀಸ ಹೊಡೆದ ಜಿಂಕೆಯಲ್ಲಿ ಗಾಯದ ಸುತ್ತ ಧಾರಾಳವಾಗಿ ಕತ್ತರಿಸುತ್ತೇನೆ, ಆ ಭಾಗವನ್ನು ಖೀಮಾಕ್ಕೆ ಹಾಕುವುದೇ ಇಲ್ಲ. ಅರೆದರೆ ಒಂದು ಚೂರು ಇಡೀ ಪಾತ್ರೆಗೆ ಹರಡುತ್ತದೆ.

ಮುಂದಿನದು 180 ಗ್ರೇನ್‌ನ ಬಾಂಡೆಡ್ ಗುಂಡು, ಅಂದರೆ ಹೊದಿಕೆಗೆ ಸೀಸವನ್ನು ಬೆಸೆದದ್ದು. ತೂಕ ಜಾಸ್ತಿ, ಹಾಗಾಗಿ ವೇಗ ಕಮ್ಮಿ. ಬೆಸೆದಿರುವುದರಿಂದ ಚೂರೂ ಕಮ್ಮಿಯಾಗಬೇಕು. ತೋಟಾ ಬಂದಿದೆ, ಪೇಪರ್ ನೆನೆಯುತ್ತಿದೆ.